ಫೈಲಿಗೊಂದು ಹೆಸರಿಡಿ ಸ್ವಾಮಿ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಗಿರಾಕಿಗಳು ಕೌಂಟರ್ ಮುಂದೆ ನಿಂತೇ ಮೇಲ್ ಮಾಡಿ, 'ಕಳಿಸಿದೀನಿ ನೋಡಿ' ಅನ್ನುತ್ತಾರೆ. ನೋಡಿದರೆ ಸಬ್ಜೆಕ್ಟ್ ಖಾಲಿ. ಒಳಗೂ ಒಂದಕ್ಷರ ಇಲ್ಲ. ಫೈಲಿನ ಹೆಸರು 'ಸ್ಕ್ಯಾನ್ 001'. ಅವರ ಹಿಂದೆ ನಿಂತವರದ್ದೂ ಅದೇ!

ಕಾಲೇಜು ಅಡ್ಮಿಷನ್ ಗಲಾಟೆಯಲ್ಲಿ ಒಂದು ದಿನ, ಒಬ್ಬ ಹುಡುಗಿಯ ಮಾರ್ಕ್ಸ್ ಕಾರ್ಡ್ ಪ್ರಿಂಟನ್ನು ಬೇರೆಯವರ ಕವರಿಗೆ ಹಾಕಿ ಕೊಟ್ಟುಬಿಟ್ಟೆ. ಬಸ್‌ಸ್ಟ್ಯಾಂಡ್‌ವರೆಗೆ ಓಡಿ ವಾಪಸ್ ತಂದೆ. ತಪ್ಪು ನನ್ನದೇ. ಆದರೂ ಫೈಲಿಗೆ ಆ ಹುಡುಗಿಯ ಹೆಸರಿದ್ದಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?

ಇ-ಆಧಾರ್ ಕಥೆ ಇನ್ನೊಂದು. ಆಧಾರ್ ವೆಬ್‌ಸೈಟಿನಿಂದ ಇಳಿಸಿಕೊಳ್ಳುವ ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಹೆಸರಿನ ಮೊದಲ 4 ಅಕ್ಷರ ಇಂಗ್ಲಿಷ್ ಕ್ಯಾಪಿಟಲ್‌ನಲ್ಲಿ, ಅದಾದ ಮೇಲೆ ಹುಟ್ಟಿದ ಇಸವಿ. ಕಳಿಸಿದವರಿಗೇ ಇದು ಗೊತ್ತಿರುವುದಿಲ್ಲ. 'ಯಾವ ಇಸವೀಲಿ ಹುಟ್ಟಿದ್ದಮ್ಮಾ?' ಅಂತ ನಾನು ಕೂಗಿ ಕೇಳಬೇಕು. ಕ್ಯೂನಲ್ಲಿದ್ದವರೆಲ್ಲ ಉತ್ತರಕ್ಕೆ ಕಿವಿ ಕೊಡುತ್ತಾರೆ. ಪೂರ್ತಿ ನಂಬರ್ ಬೇಡದ ಕಡೆಗೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಅದೂ ಅದೇ ವೆಬ್‌ಸೈಟಿನಲ್ಲಿ ಸಿಗುತ್ತದೆ. ಇಂಥವನ್ನೆಲ್ಲ ನಾನು ರಾತ್ರಿ ಅಂಗಡಿ ಮುಚ್ಚುವಾಗ ಅಳಿಸುತ್ತೇನೆ. ಎಲ್ಲರೂ ಅಳಿಸುತ್ತಾರೆ ಅಂತ ನಂಬಬೇಡಿ.

ಗಿರಾಕಿಗಳನ್ನೇ ಬೈದರೆ ನ್ಯಾಯ ಅಲ್ಲ. ನಾನೂ ಕಡಿಮೆಯವನಲ್ಲ. ಮೊದಲೆಲ್ಲ ಮದುವೆ ಪತ್ರಿಕೆಯ ಪ್ರೂಫನ್ನು 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ವರ್ಡ್ ಫೈಲನ್ನೇ ಸುಮ್ನೆ ಕಳಿಸಿಬಿಡುತ್ತಿದ್ದೆ. ಒಬ್ಬರು ಫೋನ್ ಮಾಡಿ, 'ಇದ್ಯಾವ ಭಾಷೆ ಸ್ವಾಮಿ? ಮಗಳ ಹೆಸರಿನ ಮಧ್ಯ ಪೌಂಡ್ ಗುರುತು ಇದೆಯಲ್ಲ!' ಅಂದರು. ಹಳೆಯ ನುಡಿ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರುತ್ತವೆ. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಮನೆ ಓನರ್‌ಗಳೇ ಎದ್ದು ಬರುತ್ತಾರೆ. 'ನ' ಇದ್ದಲ್ಲೆಲ್ಲ ಪೌಂಡು! ಅವತ್ತಿನಿಂದ ಪಿಡಿಎಫ್ ಮಾಡದೆ ಏನನ್ನೂ ಕಳಿಸಿಲ್ಲ. ಆದರೆ ಸಂಘ-ಸಂಸ್ಥೆಗಳಿಂದ ಇವತ್ತಿಗೂ ನುಡಿಯ ವರ್ಡ್ ಫೈಲ್‌ಗಳು ಬರುತ್ತಲೇ ಇವೆ. ಅದೂ 'ಫೈನಲ್', 'ಫೈನಲ್ 2', 'ಲಾಸ್ಟ್ ಫೈನಲ್' ಅಂತ. ಯಾವುದನ್ನು ಪ್ರಿಂಟ್ ಹಾಕಲಿ? ತಾರೀಕು ಹಾಕಿದರೆ ಸಾಕು ಅಂತ ಹೇಳಿ ಹೇಳಿ ಬಾಯಿ ನೋವು ಬಂತು.

ಅಂದಹಾಗೆ, ಈ ಪತ್ರವನ್ನು, ನುಡಿ ಫಾಂಟ್ ಇಲ್ಲದ ಮೊಬೈಲ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ, ಮೇಲ್ ಒಳಗೇ ಟೈಪ್ ಮಾಡಿದ್ದೇನೆ. ಸಬ್ಜೆಕ್ಟ್ ಕೂಡ ಬರೆದಿದ್ದೇನೆ. ಅಟ್ಯಾಚ್‌ಮೆಂಟ್ ಹುಡುಕಬೇಡಿ, ಇಲ್ಲ.

– ಡಿಟಿಪಿ ಅಂಗಡಿಯವ, ತಿಪಟೂರು