ಮನವಿಯ ಎರಡನೇ ಪ್ರತಿ

ಶಿರಸಿ

ಪ್ರೀತಿಯ ಪುಟ್ಟಿ,

ಕಾರವಾರದಲ್ಲಿ ನಿಮ್ಮ ಗುಂಪಿನವರು ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸಿಗದ ಬಗ್ಗೆ ಕೊಡಬೇಕೆಂದಿರುವ ಮನವಿಯ ಕರಡು ಓದಿದೆ. ‘ಮಾನಸಿಕ ಕಾಯಿಲೆ ಇರುವವರಿಗೆ ತುಂಬಾ ತೊಂದರೆಯಾಗುತ್ತಿದೆ, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದಿದೆ. ಇದಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬರುತ್ತದೆ, ಕಡತ ಅಲ್ಲಿಗೇ ಮುಚ್ಚುತ್ತದೆ.

ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ತಾರೀಖಿಗೆ ‘ಸ್ಟಾಕ್ ಇಲ್ಲ’ ಎಂದರು, ಎಷ್ಟು ದಿನ ಮಾತ್ರೆ ತಪ್ಪಿತು, ಹೊರಗೆ ಕೊಳ್ಳಲು ಎಷ್ಟು ಖರ್ಚಾಯಿತು ಅನ್ನುವುದನ್ನು ಬರೆಯಿರಿ. ಅದೇ ದಿನ, ಡಾಕ್ಟರ ಚೀಟಿಯ ಹಿಂದೆಯೇ ಗುರುತು ಹಾಕಿಕೊಳ್ಳಲು ಎಲ್ಲರಿಗೂ ಹೇಳು. ತಿಂಗಳು ಕಳೆದ ಮೇಲೆ ನೆನಪಿನಿಂದ ಹೇಳಿದ ತಾರೀಖನ್ನು ಯಾರೂ ನಂಬುವುದಿಲ್ಲ. ಮನವಿಯಲ್ಲಿ ರೋಗಿಗಳ ಹೆಸರು ಬೇಡ. ನಮ್ಮ ಕಡೆ ಕೇರಿಯ ಹೆಸರು ಹೇಳಿದರೂ ಮನೆ ಗೊತ್ತಾಗಿಬಿಡುತ್ತದೆ, ಅದನ್ನೂ ತೆಗೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮನ್ನು ಹೆಸರಿಸಿ. ಸರ್ಕಾರದ ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಉಚಿತವಾಗಿ ಸಿಗಬೇಕು ಎನ್ನುತ್ತದೆ ಅದು. ಹಾಗಾಗಿ ನಿಮ್ಮ ಮಾತ್ರೆ ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಒಂದು ಮನವಿಗೆ ಒಂದೇ ಬೇಡಿಕೆ. ಕೌನ್ಸೆಲರ್ ಹುದ್ದೆ, ಬಸ್ ಪಾಸು ಎಲ್ಲ ಸೇರಿಸಿದರೆ ಸುಲಭದ್ದೊಂದಕ್ಕೆ ಉತ್ತರ ಕೊಟ್ಟು ಉಳಿದದ್ದನ್ನು ಬಿಡುತ್ತಾರೆ.

ಎರಡು ಪ್ರತಿ ಒಯ್ಯಿರಿ. ಎರಡನೆಯದರ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳದೆ ಟಪಾಲು ವಿಭಾಗದಿಂದ ಏಳಬೇಡಿ. ಕಾಯ್ದೆಯ 28ನೇ ಕಲಮಿನಂತೆ ದೂರು ಮೊದಲು ಆಸ್ಪತ್ರೆಯ ವೈದ್ಯಾಧಿಕಾರಿಗೆ, ಆಮೇಲೆ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ. ಮೇಲೆ ಹೋದಾಗ ಕೇಳುವುದು ಆ ಮೊಹರನ್ನೇ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ದಾಸ್ತಾನು ವಹಿಯ ನಕಲು ಕೇಳಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು.

ಇನ್ನು ಭೇಟಿಯ ದಿನ. ಮಾತ್ರೆ ತಪ್ಪಿದವರೇ ಮಾತಾಡಲಿ, ಮೂರು ನಿಮಿಷ ಸಾಕು. ಯಾವುದನ್ನು ಹೇಳುವುದಿಲ್ಲ ಎಂಬುದನ್ನು ಅವರು ಹಿಂದಿನ ದಿನವೇ ನಿಶ್ಚಯಿಸಿಕೊಂಡಿರಲಿ. ಅಧಿಕಾರಿ ಅವರನ್ನು ಬಿಟ್ಟು ನಿನ್ನ ಕಡೆ ತಿರುಗಿ ‘ಇವರಿಗೆ ಏನಾಗಿದೆ?’ ಎಂದು ಕೇಳಿಯೇ ಕೇಳುತ್ತಾರೆ. ನಾಲಿಗೆ ತುದಿಗೆ ಉತ್ತರ ಬಂದಿರುತ್ತದೆ, ನುಂಗಿಕೋ. ಮಾತ್ರೆ ತಪ್ಪಿದವರ ಮುಖ ನೋಡು, ಅಷ್ಟೇ. ಕುರ್ಚಿ ಒಂದೇ ಇದ್ದರೆ ಅವರನ್ನು ಕೂರಿಸು, ನೀನು ನಿಂತಿರು.

ನಿನ್ನ
ಆಯಿ