ಗೆಳೆಯನಿಗೊಂದು ಪತ್ರ: ನಿಮ್ಮೂರ ಕೆರೆ ಏರಿಯ ಕಲ್ಲಿನ ವಿಷಯ

ಪ್ರೀತಿಯ ಗೆಳೆಯಾ,

ನಿಮ್ಮೂರ ರಸ್ತೆ ಅಗಲ ಮಾಡ್ತಾರಂತೆ ಅಂತ ಮೊನ್ನೆ ಹೇಳಿದೆಯಲ್ಲ, ಅವತ್ತಿನಿಂದ ಕೆರೆ ಏರಿ ಪಕ್ಕದ ಆ ವೀರಗಲ್ಲೇ ತಲೆಯಲ್ಲಿ ಕೂತಿದೆ. ಜೆಸಿಬಿ ಬರುವ ಮುಂಚೆ ನೀನು ಮಾಡಬಹುದಾದ ಕೆಲಸ ಒಂದಿದೆ. ನಿನ್ನ ಫೋನೇ ಸಾಕು.

ಇಲ್ಲಿ ಬೆಂಗಳೂರಿನ ಕತೆ ಮೊದಲು ಕೇಳು. ಶಾಸನ ಸಂಶೋಧಕ ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಒಂಬತ್ತನೇ ಸಂಪುಟ ತಂದರು. ಬೆಂಗಳೂರು ಜಿಲ್ಲೆಯಲ್ಲಿ ಆಗ ಸಿಕ್ಕ ಶಾಸನಗಳು ಅದರಲ್ಲಿವೆ. ಯಾವ ಊರು, ಕಲ್ಲು ಎಲ್ಲಿತ್ತು ಅಂತಲೂ ಬರೆದಿದ್ದಾರೆ. ಇವತ್ತು ಆ ಪುಸ್ತಕ ಹಿಡಿದು ಹೋದರೆ ಹೊಲ ಇದ್ದ ಕಡೆ ಲೇಔಟ್ ಸಿಗುತ್ತದೆ. ಎಷ್ಟೋ ಕಲ್ಲುಗಳು ಕಾಣೆಯಾಗಿವೆ. ಉಳಿದವನ್ನು ಹುಡುಕಿ ಮಿಥಿಕ್ ಸೊಸೈಟಿಯವರು 2021ರಿಂದ ತ್ರೀಡಿ ಸ್ಕ್ಯಾನ್ ಮಾಡುತ್ತಾ ಬಂದಿದ್ದಾರೆ. ಇತಿಹಾಸ, ಸಂಸ್ಕೃತಿಯ ಅಧ್ಯಯನಕ್ಕೆ ಅಂತ ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಸಂಸ್ಥೆ ಅದು. ಇಂಥ ಕೆಲಸಕ್ಕೆ ಕೈ ಹಾಕಿದ್ದು ನನಗೆ ತುಂಬಾ ಹೆಮ್ಮೆ.

ಸ್ಕ್ಯಾನರ್ ಮಾಡುವುದಿಷ್ಟೇ. ಕಲ್ಲಿನ ಮೇಲೆ ಬೆಳಕಿನ ಪಟ್ಟೆಗಳನ್ನು ಬಿಡುತ್ತದೆ. ಅಕ್ಷರ ಕೊರೆದ ಕಡೆ ಪಟ್ಟೆ ಒಂಚೂರು ಬಾಗುತ್ತದೆ. ಆ ಬಾಗು ನೋಡಿ ಎಷ್ಟು ಆಳ ಅಂತ ಲೆಕ್ಕ ಹಾಕುತ್ತದೆ, ಅದೂ ಮಿಲಿಮೀಟರಿಗಿಂತ ಕಡಿಮೆ ಅಳತೆಯಲ್ಲಿ. ನಮ್ಮ ಕಲ್ಲುಗಳಿಗೆ ಇದೇ ಬೇಕಾಗಿರೋದು, ಯಾಕೆಂದರೆ ಅವುಗಳ ಮೇಲೆ ಸುಣ್ಣ, ಎಣ್ಣೆ, ಅರಿಶಿನ, ಕುಂಕುಮ ಎಲ್ಲ ಮೆತ್ತಿರುತ್ತದೆ. ಫೋಟೋದಲ್ಲಿ ಆ ಬಣ್ಣಗಳೇ ಕಣ್ಣಿಗೆ ಹೊಡೆಯುತ್ತವೆ. ಕಂಪ್ಯೂಟರಿನಲ್ಲಿ ಬಣ್ಣ ತೆಗೆದುಹಾಕಿ, ಬೆಳಕನ್ನು ಓರೆಯಾಗಿ ತಿರುಗಿಸಿದರೆ, ಸವೆದುಹೋಯಿತು ಅಂದುಕೊಂಡ ಕೊಂಬು, ಒತ್ತು ಎಲ್ಲ ಮೇಲೆ ಬರುತ್ತವೆ.

ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಕಲ್ಲಿದೆ. ಸುಮಾರು ಕ್ರಿ.ಶ. 890ರದ್ದು. ಬೆಂಗಳೂರಿನಲ್ಲಿ ನಡೆದ ಕಾಳಗದಲ್ಲಿ ಅಲ್ಲಿನ ನಾಯಕ ನಾಗತ್ತರನ ಕಡೆಯವರು ಸತ್ತ ಸುದ್ದಿ ಅದರಲ್ಲಿದೆ. ಊರಿನ ಹೆಸರು ಅಷ್ಟು ಹಿಂದೆಯೇ ಕಲ್ಲಿಗೆ ಬಂದಿತ್ತು! ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಇನ್ನೂ ಹಳೆಯದು, ಸುಮಾರು ಕ್ರಿ.ಶ. 750. ಅದು ಸಿಕ್ಕಿದ್ದು 2018ರಲ್ಲಿ, ಚರಂಡಿ ಕೆಲಸಕ್ಕೆ ಮಣ್ಣು ಅಗೆದಾಗ. ಕಣ್ಣಿಗೆ ಬಿತ್ತು, ಉಳಿಯಿತು. ಯಾರ ಕಣ್ಣಿಗೂ ಬೀಳದೆ ಬುನಾದಿಗೆ ಸೇರಿದವು ಎಷ್ಟೋ.

ಹಳೇ ನಕ್ಷೆಗಳದ್ದೂ ಹೀಗೇ. ಹಳೆಯ ನಕ್ಷೆಯನ್ನು ಇವತ್ತಿನ ನಕ್ಷೆಯ ಮೇಲೆ ಹೊಂದಿಸಿ ಫೋನಿನಲ್ಲಿ ಹಾಕಿಕೊಂಡು ಕಂಠೀರವ ಕ್ರೀಡಾಂಗಣದ ಹತ್ತಿರ ನಡೆದರೆ, ನಿನ್ನ ನೀಲಿ ಚುಕ್ಕೆ ಸಂಪಂಗಿ ಕೆರೆಯ ಮಧ್ಯೆ ಹೋಗುತ್ತಿರುತ್ತದೆ. ಕರಗದ ಪೂಜೆಗೆ ಅಂತ ಉಳಿಸಿಕೊಂಡ ಪುಟ್ಟ ಕೊಳ ಮಾತ್ರ ಈಗಲೂ ಅಲ್ಲಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಬಂದರೆ ಧರ್ಮಾಂಬುಧಿ ಕೆರೆ.

ಆದರೆ ಇದನ್ನೆಲ್ಲ ಜನಕ್ಕೆ ತೋರಿಸುವ ರೀತಿ ಬಗ್ಗೆ ನನಗೊಂದು ಹಟ ಇದೆ. ಡೋಲು ಬಡಿಯುತ್ತಾ, ಕುದುರೆ ಓಡಿಸುತ್ತಾ ಮಾಡಿದ ವೀಡಿಯೋಗಳು ನನಗೆ ಬೇಡ. ವೀರಗಲ್ಲಿನ ಯೋಧನ ಮುಖ ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಸುಮ್ನೆ ಯಾಕೆ ಕಟ್ಟಬೇಕು? ಕಲ್ಲಿನ ಪಕ್ಕ ಒಂದು ಕ್ಯೂಆರ್ ಕೋಡ್ ಇರಲಿ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಶಾಸನದ ಸಾಲು, ಅದರ ಕೆಳಗೆ ಇವತ್ತಿನ ಕನ್ನಡ, ಯಾರಾದರೂ ಓದಿದ ಧ್ವನಿ. ಒಡೆದು ಹೋದ ಅಕ್ಷರದ ಜಾಗ ಖಾಲಿಯೇ ಇರಲಿ. ಈಗ ಎಐಯಿಂದ ಅಕ್ಷರ ಓದಿಸುವವರೂ ಇದ್ದಾರೆ. ಒಳ್ಳೆಯದೇ, ಆದರೆ ಹಳಗನ್ನಡ ಬಲ್ಲವರು ನೋಡಿದ ಮೇಲೇ ಅದು ಹೊರಗೆ ಬರಬೇಕು. ಮೊದಲು ನೋಡಬೇಕಾದವರು ಆ ಕಲ್ಲಿಗೆ ದಿನಾ ಹೂವಿಡುವ ಮನೆಯವರು. ಅವರು ಉಳಿಸಿದ್ದಕ್ಕೇ ಅಲ್ವಾ ನಮಗೆ ಸ್ಕ್ಯಾನ್ ಮಾಡೋಕೆ ಕಲ್ಲು ಸಿಕ್ಕಿದ್ದು?

ಈಗ ನಿನ್ನ ಕೆಲಸ. ಬಿಸಿಲು ಚುರುಕಾಗುವ ಮುಂಚೆ ಹೋಗು, ನೆರಳು ಗಟ್ಟಿಯಾಗಿ ಬೀಳಬಾರದು. ಕಲ್ಲಿನ ಸುತ್ತ ನಿಧಾನಕ್ಕೆ ಬಾ. ಒಂದು ಫೋಟೋದ ಅರ್ಧಕ್ಕಿಂತ ಜಾಸ್ತಿ ಭಾಗ ಮುಂದಿನ ಫೋಟೋದಲ್ಲೂ ಇರಲಿ. ಆಗಲೇ ಸಾಫ್ಟ್‌ವೇರ್ ಅವನ್ನು ಜೋಡಿಸಿ ತ್ರೀಡಿ ಮಾಡುವುದು. ಮೆಶ್‌ರೂಮ್ ಅಂತ ಒಂದಿದೆ, ದುಡ್ಡು ಕೊಡಬೇಕಿಲ್ಲ. ಪಕ್ಕದಲ್ಲಿ ಒಂದು ಸ್ಕೇಲ್ ಇಡು, ಅಳತೆ ಸಿಗುತ್ತದೆ. ಸಂಜೆ ಕತ್ತಲಾದ ಮೇಲೆ ಇನ್ನೊಮ್ಮೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು, ನಾಲ್ಕೂ ಕಡೆಯಿಂದ ಒಂದೊಂದು ಫೋಟೋ ತೆಗೆ. ಅಕ್ಷರಕ್ಕೆ ಸೀಮೆಸುಣ್ಣ ಮಾತ್ರ ಹಚ್ಚಬೇಡ, ಉಜ್ಜಲೂ ಬೇಡ. ಲೊಕೇಶನ್ ಆನ್ ಇರಲಿ. ನಾಳೆ ಕಲ್ಲನ್ನು ಸರಿಸಿದರೂ ಅದು ಎಲ್ಲಿ ನಿಂತಿತ್ತು ಅಂತ ಉಳಿಯುತ್ತದೆ. ಆ ಕಲ್ಲಿನ ಬಗ್ಗೆ ಊರಿನ ಹಿರಿಯರು ಏನು ಹೇಳುತ್ತಾರೋ ಅದನ್ನೂ ರೆಕಾರ್ಡ್ ಮಾಡಿಕೋ.

ಫೋಟೋ ಎಲ್ಲ ನನಗೆ ಕಳಿಸು, ಜೋಡಿಸುವ ಕೆಲಸ ನನ್ನದು. ಪಂಚಾಯಿತಿಯಲ್ಲೂ ಒಂದು ಮಾತು ಹೇಳಿಡು, ಕಲ್ಲನ್ನು ತೆಗೆಯಲೇಬೇಕಾದರೆ ಶಾಲೆಯ ಅಂಗಳದಲ್ಲಿ ನಿಲ್ಲಿಸಲಿ ಅಂತ. ಬರುವ ಭಾನುವಾರ ನಾನೂ ಬರುತ್ತೇನೆ.

ನಿನ್ನ ಗೆಳೆಯ