ಸಹನಾಳ ಸೀಟಿನ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಬಸವರಾಜ,

ಸಹನಾಳ ಎಂಬಿಬಿಎಸ್ ಸೀಟಿನ ಬಗ್ಗೆ ನೀನು ಕಳಿಸಿದ ಎರಡೂ ಹಂಚಿಕೆ ಪತ್ರ ನೋಡಿದೆ. ಅಖಿಲ ಭಾರತ ಕೋಟಾದ ಮೊದಲ ಸುತ್ತಿನಲ್ಲಿ ಸೋಲಾಪುರದ ಸರ್ಕಾರಿ ವೈದ್ಯಕೀಯ ಕಾಲೇಜು, ರಾಜ್ಯದ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೊದಲ ಸುತ್ತಿನಲ್ಲಿ ಹಾವೇರಿಯ ಸರ್ಕಾರಿ ಕಾಲೇಜು. ಕೆಇಎಗೆ ಆದ್ಯತೆಯ ಕ್ರಮದಲ್ಲಿ ಕೊಟ್ಟ ಆಪ್ಷನ್ ಪಟ್ಟಿಯಲ್ಲಿ ಹಾವೇರಿಗಿಂತ ಮೇಲೆ ದಾವಣಗೆರೆಯ ಜೆಜೆಎಂ ಕಾಲೇಜಿನ ಸರ್ಕಾರಿ ಕೋಟಾ ಸೀಟು. ಅಂದರೆ ಕೈಯಲ್ಲಿರುವುದು ಎರಡು, ಮನಸ್ಸಿನಲ್ಲಿರುವುದು ಮೂರನೆಯದು. ನಿಮ್ಮ ರಾಣೆಬೆನ್ನೂರಿಗೆ ಯಾವುದು ಹತ್ತಿರ ಎಂಬುದರ ಮೇಲೆ ಇದನ್ನು ತೀರ್ಮಾನಿಸಬೇಡ. ಮೊದಲ ವರ್ಷ ಮುಗಿದ ಮೇಲೆ ಅವಳು ಊರಿಗೆ ಬರುವುದೇ ಹಬ್ಬಕ್ಕೆ.

ಎಂಬಿಬಿಎಸ್ ಎಂದರೆ 54 ತಿಂಗಳ ಓದು, ಆಮೇಲೆ 12 ತಿಂಗಳ ಇಂಟರ್ನ್‌ಶಿಪ್. ಮೊದಲ ವರ್ಷದ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಒಳ್ಳೆಯ ಮೇಷ್ಟ್ರಿದ್ದರೆ ಯಾವ ಕಾಲೇಜಿನಲ್ಲೂ ಕಲಿಯಬಹುದು. ಉಳಿದದ್ದನ್ನು ಕಲಿಸುವುದು ವಾರ್ಡು. ಹಾಗಾಗಿ ಕಾಲೇಜಿನ ಕಟ್ಟಡ ನೋಡಿ ಬಂದರೆ ಅರ್ಧ ನೋಡಿದ ಹಾಗೂ ಅಲ್ಲ, ಆಸ್ಪತ್ರೆ ನೋಡಬೇಕು. ವಾರದ ನಡುವಿನ ದಿನ, ಬೆಳಿಗ್ಗೆ ಹತ್ತಕ್ಕೆ ಹೊರರೋಗಿ ವಿಭಾಗಕ್ಕೆ ಹೋಗು. ಚೀಟಿ ಮಾಡಿಸುವ ಸಾಲು ಎಷ್ಟು ಉದ್ದವಿದೆ ನೋಡು. ಆಮೇಲೆ ಮೆಡಿಸಿನ್ ಮತ್ತು ಸರ್ಜರಿ ವಾರ್ಡಿನಲ್ಲಿ ಒಂದು ಸುತ್ತು ಹಾಕು. ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ ಹೋಗು. ತಪಾಸಣೆಯ ದಿನಕ್ಕೆಂದೇ ಹಾಸಿಗೆ ತುಂಬಿಸುವ ಆಸ್ಪತ್ರೆಗಳಿವೆ, ಅಂಥವು ಮಾಮೂಲಿ ದಿನದ ಮಧ್ಯಾಹ್ನ ತಾನಾಗಿ ಬಯಲಾಗುತ್ತವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಂತೆ 150 ಸೀಟಿನ ಕಾಲೇಜಿಗೆ 605 ಹಾಸಿಗೆ ಬೇಕು. ಹಾಸಿಗೆ ಎಷ್ಟಿವೆ ಎಂದು ಕೇಳುವುದರ ಜೊತೆಗೆ ಎಷ್ಟರಲ್ಲಿ ರೋಗಿಗಳಿದ್ದಾರೆ ಎಂದು ಎಣಿಸು. ದಿನಕ್ಕೆ ಎಷ್ಟು ಹೆರಿಗೆ ಎಂದು ಹೆರಿಗೆ ವಾರ್ಡಿನ ನರ್ಸ್ ಒಬ್ಬರನ್ನು ಕೇಳು, ಆ ಒಂದು ಸಂಖ್ಯೆ ಬಹಳ ಹೇಳುತ್ತದೆ.

ಅಂತಿಮ ವರ್ಷದ ವಿದ್ಯಾರ್ಥಿಗಳು ಸಿಕ್ಕರೆ ಕೇಳಬೇಕಾದ ಪ್ರಶ್ನೆ ಎರಡೇ: ರೋಗಿಯ ಹಾಸಿಗೆಯ ಪಕ್ಕ ಪಾಠ ಮಾಡುವವರು ಯಾರು, ಮತ್ತು ಒಂದು ಕೇಸಿನ ಸುತ್ತ ಎಷ್ಟು ಜನ ನಿಲ್ಲುತ್ತೀರಿ. ಹತ್ತು ಜನ ನಿಂತರೆ ಎದೆಬಡಿತ ಎಲ್ಲರ ಕಿವಿಗೂ ಬೀಳುತ್ತದೆ. ಮೂವತ್ತು ಜನ ನಿಂತರೆ ಹಿಂದಿನ ಸಾಲಿನವರು ಪುಸ್ತಕ ಓದಿಯೇ ಪಾಸಾಗಬೇಕು.

ಹಾವೇರಿ ಕಾಲೇಜು ಶುರುವಾದದ್ದು 2022ರಲ್ಲಿ. ಮೊದಲ ಬ್ಯಾಚಿನವರ ಓದೇ ಮುಗಿಯುವುದು 2027ರ ಹೊತ್ತಿಗೆ. ಅಲ್ಲಿಯವರೆಗೆ ಆ ಕಾಲೇಜಿನದೇ ಇಂಟರ್ನ್‌ಗಳಿಲ್ಲ. ಇದರಿಂದ ಲಾಭವೂ ಇದೆ: ಸ್ನಾತಕೋತ್ತರ ವಿದ್ಯಾರ್ಥಿಗಳ ಗುಂಪು ಇಲ್ಲದ ಕಡೆ ಹೊಲಿಗೆ ಹಾಕುವುದು, ಡ್ರಿಪ್ ಏರಿಸುವುದು, ಹೆರಿಗೆಗೆ ನಿಲ್ಲುವುದು ಎಂಬಿಬಿಎಸ್‌ನವರ ಕೈಗೇ ಬರುತ್ತದೆ. ನಷ್ಟ ಏನೆಂದರೆ, ರಾತ್ರಿ ಹತ್ತರಲ್ಲಿ ಅನುಮಾನ ಕೇಳಲು ಹಿರಿಯರು ಯಾರೂ ಇರುವುದಿಲ್ಲ. ಹೊಸ ಸರ್ಕಾರಿ ಕಾಲೇಜುಗಳಲ್ಲಿ ಇನ್ನೊಂದು ತೊಂದರೆ, ಪ್ರಾಧ್ಯಾಪಕರ ವರ್ಗಾವಣೆ. ವಿಭಾಗವಾರು ಎಷ್ಟು ಹುದ್ದೆ ತುಂಬಿದೆ, ಎಷ್ಟು ಜನ ಎರಡು ವರ್ಷಕ್ಕಿಂತ ಹೆಚ್ಚು ಅಲ್ಲೇ ಇದ್ದಾರೆ ಎಂದು ವಿಚಾರಿಸು. ಕಾಲೇಜಿನಿಂದ ಆಸ್ಪತ್ರೆಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂಬುದನ್ನೂ ಕೇಳಿಕೋ.

ದಾವಣಗೆರೆಯದು ಖಾಸಗಿ ಕಾಲೇಜಾದರೂ ಬಾಪೂಜಿ ಆಸ್ಪತ್ರೆಯ ಜೊತೆಗೆ ಚಿಗಟೇರಿ ಜಿಲ್ಲಾ ಸರ್ಕಾರಿ ಆಸ್ಪತ್ರೆಯಲ್ಲೂ ವಿದ್ಯಾರ್ಥಿಗಳಿಗೆ ತರಬೇತಿ. 1965ರ ಕಾಲೇಜು, ಸ್ನಾತಕೋತ್ತರ ವಿಭಾಗಗಳು ಬಹಳ ಕಾಲದಿಂದ ನಡೆಯುತ್ತಿವೆ. ಸೋಲಾಪುರ ಇನ್ನೂ ಹಳೆಯದು, 1963ರದು. ಅಲ್ಲಿನ ಸಿವಿಲ್ ಆಸ್ಪತ್ರೆಗೆ ಗಡಿಯ ಈಚೆಯಿಂದಲೂ ಜನ ಹೋಗುತ್ತಾರೆ, ಊರಲ್ಲಿ ಕನ್ನಡ ಧಾರಾಳವಾಗಿ ಕೇಳಿಸುತ್ತದೆ. ಆದರೂ ರೋಗಿಯ ಹಿಸ್ಟರಿ ತೆಗೆಯುವಷ್ಟು ಮರಾಠಿ ಸಹನಾ ಕಲಿಯಲೇಬೇಕು. ಎರಡನೇ ವರ್ಷದೊಳಗೆ ಬರುತ್ತದೆ, ಅದಕ್ಕೆ ಹೆದರುವುದು ಬೇಡ.

ಇನ್ನು ಹಣ. ಹಾವೇರಿಯಲ್ಲಿ ವಾರ್ಷಿಕ ಶುಲ್ಕ ಲಕ್ಷದೊಳಗೆ. ದಾವಣಗೆರೆಯ ಸರ್ಕಾರಿ ಕೋಟಾ ಒಂದೂವರೆ ಲಕ್ಷದ ಆಸುಪಾಸು. ಸೋಲಾಪುರ ಸರ್ಕಾರಿಯಾದರೂ ಲಕ್ಷದ ಮೇಲೆ. ಖಾಸಗಿ ಕಾಲೇಜಿನಲ್ಲಿ ‘ಇತರೆ ಶುಲ್ಕ’ ಎಂಬ ಸಾಲು ಬರುತ್ತದೆ. ಅದರ ವಿವರವನ್ನು ಬರವಣಿಗೆಯಲ್ಲಿ ಕೇಳು, ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡ. ಮಹಾರಾಷ್ಟ್ರದಲ್ಲಿ ಸರ್ಕಾರಿ ಕಾಲೇಜಿನಲ್ಲಿ ಓದಿದವರಿಗೆ ಒಂದು ವರ್ಷದ ಸೇವೆಯ ಬಾಂಡ್ ಇದೆ, ತಪ್ಪಿದರೆ 10 ಲಕ್ಷ ಕಟ್ಟಬೇಕು. ನಮ್ಮಲ್ಲೂ 2012ರ ಕಾಯ್ದೆಯ ಕಡ್ಡಾಯ ಗ್ರಾಮೀಣ ಸೇವೆ ಇದೆ. 2023ರ ತಿದ್ದುಪಡಿಯ ನಂತರ ಖಾಲಿ ಹುದ್ದೆ ಇದ್ದಷ್ಟಕ್ಕೆ ಮಾತ್ರ ಕರೆಯುತ್ತಾರೆ.

ನಿಮ್ಮ ಮನೆಯಲ್ಲಿ ಯಾರೂ ಎತ್ತಿರಲಿಕ್ಕಿಲ್ಲದ ವಿಷಯ ಸ್ನಾತಕೋತ್ತರ (ಪಿಜಿ) ಸೀಟಿನದು. ಸರ್ಕಾರಿ ಕಾಲೇಜುಗಳ ಪಿಜಿ ಸೀಟಿನಲ್ಲಿ ಅರ್ಧ ಅಖಿಲ ಭಾರತ ಕೋಟಾ, ಅದು ಎಲ್ಲಿ ಓದಿದವರಿಗೂ ತೆರೆದಿದೆ. ಉಳಿದರ್ಧ ರಾಜ್ಯದ್ದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪಿಜಿಯಲ್ಲಿ ವಾಸಸ್ಥಳದ ಆಧಾರದ ಮೀಸಲಾತಿ ಸಲ್ಲದು ಎಂದಿತು, ಓದಿದ ಸಂಸ್ಥೆಯ ಆಧಾರದ ಆದ್ಯತೆಯನ್ನು ಮಿತಿಯೊಳಗೆ ಒಪ್ಪಿತು. ಹಾಗಾಗಿ ‘ಹುಟ್ಟಿದ್ದು ಕರ್ನಾಟಕ’ ಎನ್ನುವುದಕ್ಕಿಂತ ‘ಎಂಬಿಬಿಎಸ್ ಓದಿದ್ದು ಎಲ್ಲಿ’ ಎನ್ನುವುದಕ್ಕೆ ತೂಕ ಹೆಚ್ಚಿದೆ. ಅವಳು ಮುಂದೆ ಕರ್ನಾಟಕದಲ್ಲೇ ಪಿಜಿ ಮಾಡಬೇಕೆಂದಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನನ್ನ ಅಭಿಪ್ರಾಯ ಕೇಳಿದ್ದೀಯ. ಮೊದಲು ದಾವಣಗೆರೆ, ಆಮೇಲೆ ಸೋಲಾಪುರ, ಆಮೇಲೆ ಹಾವೇರಿ. ಆದರೆ ಸೋಲಾಪುರ ಹಿಡಿದುಕೊಂಡು ದಾವಣಗೆರೆಗೆ ಕಾಯುವುದು ಕಷ್ಟ. ಅಲ್ಲಿ ಸೇರಿದರೆ ಮೂಲ ದಾಖಲೆಗಳೆಲ್ಲ ಅಲ್ಲೇ ಉಳಿಯುತ್ತವೆ, ಬಿಡಲು ಕೊಟ್ಟ ಗಡುವು ಕೆಇಎ ಎರಡನೇ ಸುತ್ತಿನ ಫಲಿತಾಂಶಕ್ಕೆ ಮೊದಲೇ ಮುಗಿದುಬಿಡಬಹುದು. ಅದಕ್ಕೇ ಇವತ್ತೇ ಒಂದು ಕೆಲಸ ಮಾಡು. ಕಳೆದ ವರ್ಷದ ಕೆಇಎ ಎರಡನೇ ಸುತ್ತಿನ ಕಟ್‌ಆಫ್ ಪಟ್ಟಿ ತೆಗೆದು, ಜೆಜೆಎಂನ ಸರ್ಕಾರಿ ಕೋಟಾದಲ್ಲಿ ಅವಳದೇ ವರ್ಗದ ಕಾಲಂ ನೋಡು. 3ಬಿ ಗ್ರಾಮೀಣ ಎಂದರೆ 3ಬಿಆರ್, 3ಬಿಜಿ ಅಲ್ಲ. ಅವಳ ರ‍್ಯಾಂಕು ಅದರೊಳಗೆ ಆರಾಮಾಗಿ ಬರುತ್ತಿದ್ದರೆ ಸೋಲಾಪುರ ಬಿಟ್ಟು, ಹಾವೇರಿಯನ್ನು ಚಾಯ್ಸ್ ಎರಡರಲ್ಲಿ ಹಿಡಿದುಕೊಳ್ಳಿ. ರ‍್ಯಾಂಕು ಕಟ್‌ಆಫ್‌ನ ಅಂಚಿನಲ್ಲಿದ್ದರೆ ಅಥವಾ ಹೊರಗಿದ್ದರೆ ಸೋಲಾಪುರಕ್ಕೆ ಸೇರಿಸು. ಅಖಿಲ ಭಾರತ ಕೋಟಾದ ಮೊದಲ ಸುತ್ತಿನಲ್ಲಿ ಸೇರದಿದ್ದರೆ ದಂಡವಿಲ್ಲ, ಅದೇ ನೋಂದಣಿಯಲ್ಲಿ ಎರಡನೇ ಸುತ್ತಿಗೂ ಹೋಗಬಹುದು. ಎರಡರಿಂದ ಮುಂದೆ ಸೇರದಿದ್ದರೆ ಠೇವಣಿ ಹೋಗುತ್ತದೆ.

ಚಾಯ್ಸ್ ಎರಡು ಎಂದರೆ ಈ ಸೀಟು ಒಪ್ಪಿದೆ, ಮೇಲಿನದು ಬಂದರೆ ಅದನ್ನೇ ಕೊಡಿ ಎಂದು. ಮೇಲಿನದು ಬಂದ ಕ್ಷಣ ಹಾವೇರಿ ತಾನಾಗಿ ರದ್ದು, ಮತ್ತೆ ಕೇಳಿದರೂ ಸಿಗುವುದಿಲ್ಲ. ಹಾಗಾಗಿ ಹಾವೇರಿಗಿಂತ ಮೇಲಿರುವ ಪ್ರತಿಯೊಂದು ಆಪ್ಷನ್ನನ್ನೂ ಓದಿ ನೋಡಿ, ಸೇರಲು ಮನಸ್ಸಿಲ್ಲದ್ದನ್ನು ಅಳಿಸಿ. ಖಾಸಗಿ ಶುಲ್ಕದ ಸೀಟು ಕಣ್ತಪ್ಪಿ ಮೇಲೆ ಉಳಿದರೆ ಹತ್ತು ಲಕ್ಷದ ಕಾಲೇಜು ಕೈಗೆ ಬರುತ್ತದೆ, ಹಾವೇರಿ ಹೋಗಿರುತ್ತದೆ. ಚಾಯ್ಸ್ ಮೂರು ಒತ್ತಿದರೆ ಈ ಸೀಟು ಬಿಟ್ಟ ಹಾಗೆ, ನಾಲ್ಕು ಎಂದರೆ ಪೂರ್ತಿ ಹೊರಗೆ. ಒತ್ತುವ ಮುಂಚೆ ಈ ವರ್ಷದ ಸೂಚನೆಯನ್ನು ಸಹನಾಳೇ ಒಮ್ಮೆ ಓದಲಿ, ಸೈಬರ್ ಅಂಗಡಿಯವರ ಕೈಗೆ ಕೊಡಬೇಡ.

ಒಂದು ವೇಳೆ ಸೋಲಾಪುರಕ್ಕೆ ಸೇರಿ ಬಿಡಬೇಕಾದರೆ, ರಾಜೀನಾಮೆ ಪತ್ರವನ್ನು ಕಾಲೇಜಿನವರು ಅಖಿಲ ಭಾರತ ಕೋಟಾದ ಸೀಟು ಹಂಚುವ ಎಂಸಿಸಿಯ ಜಾಲತಾಣದ ಮೂಲಕವೇ ತೆಗೆದು ಕೊಡಬೇಕು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿಸಿದ್ದು ನಡೆಯುವುದಿಲ್ಲ, ಅವರ ದಾಖಲೆಯಲ್ಲಿ ಅವಳು ಅಲ್ಲೇ ಇರುತ್ತಾಳೆ.

ಶುಲ್ಕವನ್ನು ಕೊನೆಯ ದಿನಕ್ಕೆ ಬಿಡಬೇಡ. ಬ್ಯಾಂಕಿನ ದಿನದ ಮಿತಿ ಎಷ್ಟೆಂದು ಹಿಂದಿನ ದಿನವೇ ಕೇಳಿ ಹೆಚ್ಚಿಸಿಕೊಂಡಿರು. ಕಟ್‌ಆಫ್ ನೋಡಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ,
ಶಿವಾನಂದ